ಬೆಂಗೊ ಅಂದರೆ ಬತ್ತೀನಿ

ಅತ್ತಿಗೆಯ ಬಲಗೈ ಬೆರಳುಗಳು ಸದಾ ಕಪ್ಪಗಿರುತ್ತಿದ್ದವು. ಬಾಳೆಕಾಯಿಯ ಸೊನೆ. ಅವರದು ಜೈನರ ಮನೆ, ಆಲೂಗಡ್ಡೆ ಈರುಳ್ಳಿ ಹೊಸಿಲು ದಾಟುವಂತಿರಲಿಲ್ಲ, ಹಾಗಾಗಿ ಬೆಳಗಾದರೆ ಬಾಳೆಕಾಯಿ ಹೆಚ್ಚುವುದು. ಹುಣಸೆಹಣ್ಣು ಹಾಕಿ ಉಜ್ಜಿದರೂ ಬಿಡದ ಆ ಕಪ್ಪು ಬೆರಳುಗಳನ್ನು ನನ್ನ ಮೂಗಿನ ಮುಂದೆ ಒಂದೊಂದಾಗಿ ಮಡಿಸುತ್ತಾ ಅವರು ಸ್ಪ್ಯಾನಿಷ್ ಕ್ರಿಯಾಪದಗಳನ್ನು ಹೇಳಿಕೊಡುತ್ತಿದ್ದರು. ನಾನು, ನೀನು, ಅವನು, ನಾವು, ನೀವು. ಐದು ಬೆರಳು ಮುಗಿದ ಮೇಲೆ 'ಅವರು' ಎನ್ನುವುದಕ್ಕೆ ನನ್ನ ತಲೆಗೊಂದು ಮೊಟಕು. ದೆಹಲಿಯಲ್ಲಿ ಸ್ಪ್ಯಾನಿಷ್ ಎಂ.ಎ. ಮಾಡಿ, ಪಿಎಚ್.ಡಿ.ಯ ಪ್ರಬಂಧವನ್ನು ಅರ್ಧ ಬರೆದಿದ್ದ ಹೆಂಗಸಿನ ಕೈ ಅದು. ಹಳೇಬೀಡಿನಲ್ಲಿ ಅದಕ್ಕೆ ಕೊಟ್ಟ ಕೆಲಸ ಬಾಳೆಕಾಯಿ ಹೆಚ್ಚುವುದು. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಅವರು ನನಗೆ ಸ್ವಂತ ಅತ್ತಿಗೆಯಲ್ಲ, ಪಕ್ಕದ ಮನೆಯ ಸೊಸೆ. ನಮ್ಮದು ರಾಗಿ ಬೆಳೆಯುವ ಗೌಡರ ಮನೆ. ಅವರದು ಬಸದಿಗಳ ಕಡೆ ಜಮೀನು, ಪೇಟೆಯಲ್ಲಿ ಅಂಗಡಿ ಇದ್ದ ಮನೆ. ಆ ಮನೆಯ ಮಗನನ್ನು ನಾನು ಮಾತು ಬಂದಾಗಿನಿಂದ ಅಣ್ಣ ಅನ್ನುತ್ತಿದ್ದೆ, ಅವರ ಹೆಂಡತಿ ಅತ್ತಿಗೆಯಾದರು. ಅತ್ತಿಗೆಯ ತಂದೆ ಬೇಲೂರಿನ ಕಡೆಯವರೇ, ದೆಹಲಿಯಲ್ಲಿ ಸರ್ಕಾರಿ ಕೆಲಸದಲ್ಲಿದ್ದರು. ಎಪ್ಪತ್ತರ ದಶಕದಲ್ಲಿ ಮದುವೆಯಾದಾಗ ಲಗ್ನಪತ್ರಿಕೆಯಲ್ಲಿ ವಧುವಿನ ಹೆಸರಿನ ಪಕ್ಕ 'ಎಂ.ಎ. (ಸ್ಪ್ಯಾನಿಷ್)' ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದು ಅವರ ಮಾವನೇ. ಊರಿನಲ್ಲಿ ಅದನ್ನು ಓದಿ ಹೇಳಿಸಿಕೊಳ್ಳದವರಿಲ್ಲ. ಮದುವೆಯಾದ ಮೇಲೆ ದೆಹಲಿಗೆ ಕಳಿಸಿ ಓದು ಮುಗಿಸಲು ಬಿಡುತ್ತೇವೆ ಎಂದು ಮಾತು ಕೊಟ್ಟಿದ್ದವರೂ ಅದೇ ಮಾವ. ಓದಿದ ಸೊಸೆ ಬೇಕಿತ್ತು ಅವರಿಗೆ, ಓದುವ ಸೊಸೆಯಲ್ಲ.

ಕಳಿಸುವುದಿಲ್ಲ ಎಂದು ಆತ ಯಾವತ್ತೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. "ಕಳಿಸೋಣಮ್ಮ, ಯಾರು ಬೇಡ ಅಂದ್ರು? ಆದ್ರೆ ಶ್ರಾವಣ ಕಳೀಲಿ." ಶ್ರಾವಣ ಕಳೆಯುತ್ತಿತ್ತು. "ಕಳಿಸೋಣ, ಆದ್ರೆ ನಿಮ್ಮತ್ತೆ ಮಂಡಿನೋವು ಒಂಚೂರು ಇಳೀಲಿ." ಅದು ಇಳಿದರೆ, "ಆದ್ರೆ ಮೊದ್ಲು ಮನೇಲೊಂದು ಮಗು ಆಡ್ಲಿ." ಅಣ್ಣ ಪಕ್ಕದಲ್ಲೇ ಕುಳಿತು ಹೆಬ್ಬೆರಳಲ್ಲಿ ನೆಲ ಕೆರೆಯುತ್ತಿದ್ದರು. ಅಣ್ಣ ಬಲು ಒಳ್ಳೆಯವರು ಅಂತ ಊರೆಲ್ಲ ಹೇಳುತ್ತಿತ್ತು. ಬಾಯಿ ಮುಚ್ಚಿಕೊಂಡಿರುವುದೇ ಒಳ್ಳೆಯತನವಾದರೆ ನಮ್ಮ ಹಿತ್ತಿಲಿನ ಒರಳುಕಲ್ಲೂ ಒಳ್ಳೆಯದೇ.

ಅತ್ತಿಗೆ ಓದುತ್ತಿದ್ದದ್ದು ಸ್ಪೇನಿನ ಹಳ್ಳಿಗಳ ಜೋಗುಳಗಳ ಬಗ್ಗೆ. ಅಲ್ಲಿಯ ತಾಯಂದಿರೂ ಮಕ್ಕಳನ್ನು ಹೆದರಿಸಿಯೇ ಮಲಗಿಸುವುದಂತೆ. ನಮಗೆ ಗುಮ್ಮ, ಅವರಿಗೆ ಕೋಕೊ. ಬೆಚ್ಚಗೆ ತಬ್ಬಿಕೊಂಡು ಹೆದರಿಸುವುದು ಯಾಕೆ ಎನ್ನುವುದೇ ಅವರ ಪ್ರಬಂಧದ ಪ್ರಶ್ನೆ. ಅದನ್ನು ಹೇಳುವಾಗ ಅವರ ಕಣ್ಣು ಹೊಳೆಯುತ್ತಿದ್ದವು. ಒಂದು ದಿನ ನೆಂಟರೆಲ್ಲ ತುಂಬಿದ್ದ ಹಜಾರದಲ್ಲಿ ಅವರ ಅತ್ತೆ ನಗುನಗುತ್ತಲೇ ಅಂದರು: "ನಮ್ಮ ಸೊಸೆ ಜೋಗುಳದ ಮೇಲೆ ಪುಸ್ತಕ ಬರೀತಾಳಂತೆ ಕಣ್ರೀ. ತೂಗೋಕೆ ತೊಟ್ಟಿಲೇ ಇಲ್ಲ." ನೆಂಟರು ನಕ್ಕರು. ಅಡುಗೆಮನೆಯಲ್ಲಿ ಅತ್ತಿಗೆಯ ಈಳಿಗೆಮಣೆಯ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ನಾನಾಗ ಹೈಸ್ಕೂಲು ಹುಡುಗಿ, ನೀರು ಕೇಳಿಕೊಂಡು ಹೋದವಳು, ಲೋಟ ಅಲ್ಲೇ ಕುಕ್ಕಿ ಬಂದೆ.

ನನ್ನ ಪಾಠ ಶುರುವಾದದ್ದು ಪ್ರವಾಸಿಗರು ಬರುವ ದೊಡ್ಡ ಗುಡಿಯ ಅಂಗಳದಿಂದ. ಬಸದಿಗೆ ಹೂವು ಕೊಂಡೊಯ್ಯುತ್ತಿದ್ದ ಅತ್ತಿಗೆಯ ಜೊತೆ ನಾನಿದ್ದೆ. ಗುಡಿಯ ಹತ್ತಿರ ಪರದೇಶದ ಮುದುಕಿಯೊಬ್ಬಳು ಬಿಸಿಲಿಗೆ ತಲೆಸುತ್ತಿ ಕುಸಿದು ಅಳುತ್ತಿದ್ದಳು. ಗೈಡು ಇಂಗ್ಲಿಷಿನಲ್ಲಿ ಏನು ಕೇಳಿದರೂ ಅವಳಿಗೆ ತಿಳಿಯದು. ಅತ್ತಿಗೆ ಹೂವಿನ ಬುಟ್ಟಿ ನನ್ನ ಕೈಗಿಟ್ಟು ಅವಳ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಸ್ಪ್ಯಾನಿಷಿನಲ್ಲಿ ಮಾತಾಡಿದರು. ಆ ಮುದುಕಿ ಅವರ ಕಪ್ಪು ಬೆರಳುಗಳನ್ನು ಹಿಡಿದುಕೊಂಡು ಮುತ್ತಿಟ್ಟಳು. ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಮಾವ ಜಗಲಿಯ ಮೇಲೆ ಕಾಯುತ್ತಿದ್ದರು: "ಮನೆ ಸೊಸೆ ಬೀದೀಲಿ ಕೂತು ಪರದೇಸಿಗಳ ಹತ್ರ ಹಲ್ಲು ಕಿರೀತಾಳೆ ಅಂತ ನಾಲ್ಕು ಜನ ಆಡ್ಕೋಬೇಕಾ?" ಅವತ್ತಿನಿಂದ ಗುಡಿಯ ದಾರಿ ಬಂದ್. ಬಸದಿಗೂ ಹಿಂದಿನ ಓಣಿಯಿಂದಲೇ ಹೋಗಬೇಕು. ಅವತ್ತೇ ಸಂಜೆ ನಾನು ಹೋಗಿ, "ಅತ್ತಿಗೆ, ನಂಗೂ ಆ ಭಾಷೆ ಹೇಳ್ಕೊಡಿ" ಅಂದೆ. ಕಲಿಯುವ ಆಸೆಗಿಂತ ಆ ಮಾವನ ಮೇಲಿನ ಸಿಟ್ಟೇ ಹೆಚ್ಚಾಗಿತ್ತು.

ಅವರ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಆಗಿಬಿಡಬೇಕು. ಊರಿನ ಉಳಿದ ಹೆಂಗಸರು ಒಲೆ ಹಚ್ಚುವ ಹೊತ್ತಿಗೆ ಅತ್ತಿಗೆಯ ಪಾತ್ರೆ ತೊಳೆದಾಗಿರುತ್ತಿತ್ತು. ಆ ಧರ್ಮ ಅವರಿಗೆ ಕೊಟ್ಟ ಒಂದೇ ಬಿಡುವು ಅದು, ಆ ಬಿಡುವಿನಲ್ಲೇ ನನ್ನ ಪಾಠ. ನಾನು ದಿನಾ ಬಸ್ಸಿನಲ್ಲಿ ಅರಸೀಕೆರೆಗೆ ಓಡಾಡಿ ಬಿ.ಎ. ಮುಗಿಸುವ ತನಕ ಅದು ನಡೆಯಿತು. ಅತ್ತೆ ಕೇಳಿದರೆ "ಇಂಗ್ಲಿಷ್ ಹೇಳ್ಕೊಡ್ತಿದೀನಿ" ಎನ್ನುತ್ತಿದ್ದರು.

ಮೊದಲ ದಿನವೇ ಇಂಗ್ಲಿಷನ್ನು ಆಚೆ ಹಾಕಿದರು. "ಇಂಗ್ಲಿಷ್ನೋರು 'ನಾನು ಮಾವಿನಹಣ್ಣನ್ನ ಇಷ್ಟಪಡ್ತೀನಿ' ಅಂತಾರೆ. ನೀನು ಮನೇಲಿ ಹೇಗಂತೀಯ?"

"ನಂಗೆ ಮಾವಿನಹಣ್ಣು ಇಷ್ಟ."

"ಹಾಂ, ಮೆ ಗುಸ್ತಾ. ಸ್ಪೇನಿನೋರೂ ಹಾಗೇ ಅನ್ನೋದು, ನನಗೆ ಇಷ್ಟ ಅಂತ. ಅರ್ಧ ಸ್ಪ್ಯಾನಿಷ್ ಹುಟ್ತಾನೇ ಕಲ್ತಿದೀಯ ಕಣೇ ದಡ್ಡಿ."

ಸ್ಪ್ಯಾನಿಷಿನಲ್ಲಿ ಎರಡು ರಕಾರ. ಪೆರೊ ಅಂದರೆ 'ಆದರೆ', ಪೆರ್ರೊ ಎಂದು ಒತ್ತಿದರೆ 'ನಾಯಿ'. ನನಗೆ ನಾಲಗೆ ಹೊರಳದೆ ಇದ್ದಾಗ ಬಸದಿಯ ಹತ್ತಿರದ ಶಾಸನದ ಕಲ್ಲಿನ ಮುಂದೆ ನಿಲ್ಲಿಸಿ ಹಳಗನ್ನಡದ 'ಱ' ಅಕ್ಷರದ ಮೇಲೆ ನನ್ನ ಬೆರಳಿಟ್ಟು ತೀಡಿಸಿದರು. "ನಮ್ಮ ಹತ್ರಾನೂ ಎರಡು 'ರ' ಇದ್ವು. ಒಂದನ್ನ ಕಳ್ಕೊಂಡ್ವಿ. ಅವ್ರು ಜೋಪಾನವಾಗಿ ಇಟ್ಕೊಂಡಿದಾರೆ." ನಾಲಗೆ ಹೊರಳಿದ್ದು ಮಾತ್ರ ಅವರ ಮಾವನ ದಯೆಯಿಂದ. ಹಜಾರದಲ್ಲಿ ಆತ "ಕಳಿಸೋಣ, ಆದ್ರೆ" ಎಂದಾಗಲೆಲ್ಲ ಅಡುಗೆಮನೆಯಿಂದ ಅತ್ತಿಗೆ ಮೆಲ್ಲಗೆ "ಪೆರ್ರೊ" ಎನ್ನುತ್ತಿದ್ದರು. ನಾನೂ ಅಂದೆ. ಸಿಟ್ಟಿನಲ್ಲಿ ಅಂದರೆ ಸೊಗಸಾಗಿ ಬರುತ್ತದೆ.

ಆದರೆ ಒಂದು ತಪ್ಪು ನನ್ನಿಂದ ಹೋಗಲೇ ಇಲ್ಲ. ಸ್ಪ್ಯಾನಿಷಿನಲ್ಲಿ ಹೊರಡುವವರು 'ಮೆ ಬೊಯ್' ಅನ್ನಬೇಕು, ಹೋಗುತ್ತೇನೆ ಅಂತ. 'ಬೆಂಗೊ' ಅಂದರೆ ಬರುತ್ತೇನೆ. ನಾನು ಪಾಠ ಮುಗಿಸಿ ಏಳುವಾಗ ದಿನಾ "ಬೆಂಗೊ ಅತ್ತಿಗೆ" ಅನ್ನುತ್ತಿದ್ದೆ. "ಎಲ್ಲಿಗೆ ಬರ್ತೀಯ? ಇಲ್ಲೇ ಇದ್ದೀಯಲ್ಲ! ಮೆ ಬೊಯ್ ಅನ್ನು" ಎಂದು ಗದರುತ್ತಿದ್ದರು. ಏನು ಮಾಡುವುದು? ದೀಪ ಹಚ್ಚಿದ ಹೊತ್ತಿನಲ್ಲಿ ಹೋಗ್ತೀನಿ ಅಂದರೆ ನಮ್ಮಮ್ಮ ಬಾಯಿ ಮೇಲೆ ಹೊಡೆಯುತ್ತಿದ್ದರು. "ಬತ್ತೀನಿ ಅನ್ನೇ, ಅನಿಷ್ಟ!"

ಬಿ.ಎ. ಮುಗಿದ ಮೇಲೆ ಅತ್ತಿಗೆ ನಮ್ಮ ಮನೆಗೆ ಬಂದು ಅಪ್ಪನ ಮುಂದೆ ನಿಂತರು. "ಗೌಡ್ರೇ, ಇವಳನ್ನ ದೆಹಲಿಗೆ ಕಳಿಸಿ. ಸ್ಪ್ಯಾನಿಷ್ ಎಂ.ಎ.ಗೆ ಪರೀಕ್ಷೆ ಕಟ್ಟಿಸ್ತೀನಿ."

ಅಪ್ಪ ತಲೆ ಕೆರೆದುಕೊಂಡರು. "ಅದೇನ್ ಬಾಸೆಯೋ ಕಾಣೆ ಕಣವ್ವಾ. ಉಪಯೋಗಕ್ಕೆ ಬತ್ತೈತಾ?"

"ನನಗೆ ಬರ್ಲಿಲ್ಲ. ಇವಳಿಗೆ ಬರ್ಬೇಕು."

ಅಪ್ಪ ಅವರ ಮುಖ ನೋಡಿದರು. ಪರೀಕ್ಷೆಗೆ ತಾವೇ ನನ್ನ ಜೊತೆ ದೆಹಲಿಗೆ ಬಂದರು.

ಬರವಣಿಗೆಯ ಪರೀಕ್ಷೆ ಚೆನ್ನಾಗಿಯೇ ಆಯಿತು. ಮೌಖಿಕದಲ್ಲಿ ಮೂವರು ಕುಳಿತಿದ್ದರು. ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಎಲ್ಲ ಮುಗಿದು ಎದ್ದು, ಕೈಮುಗಿದು, ಅಭ್ಯಾಸಬಲದಿಂದ "ಬೆಂಗೊ" ಅಂದುಬಿಟ್ಟೆ. ಒಬ್ಬ ಮಹಾಶಯ ಹೊಟ್ಟೆ ಕುಣಿಸಿಕೊಂಡು ನಕ್ಕ. "ಎಲ್ಲಿಗೆ ಬರುತ್ತೀಯಮ್ಮ? ಯಾವ ಹಳ್ಳಿಯಲ್ಲಿ ಕಲಿತೆ?" ಅತ್ತಿಗೆ ದಿನಾ ಗದರುತ್ತಿದ್ದ ಮಾತೇ, ಆದರೆ ಅವನ ಬಾಯಲ್ಲಿ ಅದು ನನ್ನನ್ನಲ್ಲ, ಅತ್ತಿಗೆಯನ್ನು ಹೀಯಾಳಿಸಿದಂತಿತ್ತು. ಸಿಟ್ಟು ನೆತ್ತಿಗೇರಿತು. ಸೀಟು ಹೋದರೆ ಹೋಗಲಿ ಎಂದು ಸ್ಪ್ಯಾನಿಷಿನಲ್ಲೇ ಝಾಡಿಸಿದೆ: ನಮ್ಮಲ್ಲಿ ಮತ್ತೆ ಬರುವವರು 'ಬರುತ್ತೇನೆ' ಅಂತಲೇ ಹೊರಡುವುದು. ಸಾವಿನ ಮನೆಯಿಂದ ಏಳುವಾಗ ಮಾತ್ರ ಹಾಗೆ ಹೇಳುವುದಿಲ್ಲ, ಸುಮ್ಮನೆ ಎದ್ದು ಹೋಗುತ್ತೇವೆ. ಇದು ಸಾವಿನ ಮನೆಯೋ?

ಮೂವರಲ್ಲಿ ಹೆಂಗಸೊಬ್ಬರಿದ್ದರು. ನಗದೆ ಕುಳಿತಿದ್ದ ಅವರು, ನಿನಗೆ ಕಲಿಸಿದವರು ಯಾರು ಎಂದು ಕೇಳಿದರು. ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅತ್ತಿಗೆಯ ಜೊತೆಯಲ್ಲೇ ಓದಿದವರಂತೆ. "ನಮ್ಮಲ್ಲೆಲ್ಲ ಅವಳೇ ಮುಂದೆ ಇದ್ದದ್ದು. ಅವಳಿಗೆ ಹೇಳು, ಇನ್ನೂ ಕಾಲ ಮಿಂಚಿಲ್ಲ, ಬಂದರೆ ಮುಗಿಸಬಹುದು" ಅಂದರು. ಆಕೆ ಕುಳಿತಿದ್ದ ಕುರ್ಚಿಯನ್ನೇ ನೋಡುತ್ತಾ ಹೊರಗೆ ಬಂದೆ. ಅದು ಅತ್ತಿಗೆ ಕೂರಬೇಕಿದ್ದ ಕುರ್ಚಿ.

ನನಗೆ ಸೀಟು ಸಿಕ್ಕಿತು. ಊರಿಗೆ ಬಂದು ಅತ್ತಿಗೆಗೆ ಆ ಮಾತು ಮುಟ್ಟಿಸಿದೆ. ಬಾಳೆಕಾಯಿ ಬದಿಗಿಟ್ಟು ಕೈತೊಳೆದು, ಸೆರಗು ಸರಿಮಾಡಿಕೊಂಡು ಹಜಾರಕ್ಕೆ ಹೋಗಿ ನಿಂತರು. ನಾನು ಬಾಗಿಲಲ್ಲೇ ಇದ್ದೆ.

"ಕಳಿಸೋಣಮ್ಮ, ಆದ್ರೆ..." ಎಂದು ಮಾವ ಶುರು ಮಾಡಿದರು.

"ಆದ್ರೆ ಬೇಡ ಮಾವ. ಹೂಂ ಅನ್ನಿ, ಇಲ್ಲಾ ಉಹೂಂ ಅನ್ನಿ. ಕೊಟ್ಟ ಮಾತು ನಿಮ್ದೇ."

"ಉಹೂಂ" ಅಂದರು ಆತ. ಇಷ್ಟು ವರ್ಷಕ್ಕೆ ಆ ಬಾಯಿಂದ ಬಂದ ಒಂದೇ ನೆಟ್ಟಗಿನ ಮಾತು. ಅತ್ತಿಗೆ ಗಂಡನ ಕಡೆ ತಿರುಗಿದರು. ಅಣ್ಣ ನೆಲ ಕೆರೆಯುತ್ತಿದ್ದರು.

"ಇವರನ್ನೇನು ಕೇಳೋದು ಅತ್ತಿಗೆ? ನೀವೇ ಎದ್ದು ಬನ್ನಿ ನನ್ನ ಜೊತೆ" ಅಂದೆ ಅಡುಗೆಮನೆಯಲ್ಲಿ. ಅವರ ತಂದೆ ಆಗಲೇ ತೀರಿಕೊಂಡಿದ್ದರು, ದೆಹಲಿಯಲ್ಲಿ ಮನೆಯೆಂಬುದಿರಲಿಲ್ಲ. "ಎಲ್ಲಿಗೇಂತ ಬರ್ಲಿ?" ಎಂದಷ್ಟೇ ಅಂದು ಒಲೆಯ ಕಡೆ ತಿರುಗಿಕೊಂಡರು.

ನಾನು ಹೊರಡುವ ದಿನ ಮಾತ್ರ ಯಾರನ್ನೂ ಕೇಳಲಿಲ್ಲ. "ಅರಸೀಕೆರೆಗೆ ಹೋಗ್ತೀನಿ" ಎಂದು ಹೊಸಿಲಲ್ಲೇ ನಿಂತು ಹೇಳಿ ನಮ್ಮ ಜೊತೆ ಬಸ್ಸು ಹತ್ತಿದರು. ಹೋಗ್ತೀನಿ ಅಂದಳಲ್ಲ ಎಂದು ಅತ್ತೆ ಒಳಗೆ ಶಾಪ ಹಾಕುತ್ತಿದ್ದದ್ದು ಬೀದಿಗೆ ಕೇಳುತ್ತಿತ್ತು. ಸ್ಟೇಷನ್ನಿನಲ್ಲಿ ಗಾಡಿ ಬಂತು. ನಾನು ಕಾಲಿಗೆ ನಮಸ್ಕಾರ ಮಾಡಿ ಎದ್ದು, ಈ ಸಲವಾದರೂ ಅವರಿಗೆ ಖುಷಿಯಾಗಲಿ ಎಂದು ತಪ್ಪಿಲ್ಲದೆ "ಮೆ ಬೊಯ್, ಅತ್ತಿಗೆ" ಅಂದೆ.

ಅವರ ಮುಖ ಬಿಳಿಚಿಕೊಂಡಿತು. ಕಪ್ಪು ಬೆರಳುಗಳಲ್ಲಿ ನನ್ನ ಗಲ್ಲ ಹಿಡಿದುಕೊಂಡರು. "ಬೇಡ ಕಣೇ. ಇವತ್ತು ಬೇಡ. ಬತ್ತೀನಿ ಅನ್ನು." ಅವರು ಯಾವಾಗಲೂ ಬರ್ತೀನಿ ಅನ್ನುವವರು. ನಮ್ಮ ಮನೆಯ 'ಬತ್ತೀನಿ' ಅವರ ಬಾಯಲ್ಲಿ ಬಂದದ್ದು ಅವತ್ತೊಂದೇ ದಿನ.

"ಬತ್ತೀನಿ" ಅಂದೆ.

ಎಂ.ಎ. ಕೊನೆಯ ಪರೀಕ್ಷೆಯ ಹೊತ್ತಿಗೆ ಅತ್ತಿಗೆಗೆ ಕಾಮಾಲೆಯಾಯಿತು. ಮನೆಯವರು ನಾಟಿ ಔಷಧಿ ಮಾಡಿಸುತ್ತಾ ಕುಳಿತರು, ಹಾಸನದ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಕೈಮೀರಿತ್ತು. ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ನಮ್ಮಪ್ಪ ತಿಳಿಸಲು ಹೊರಟಾಗ ಪಕ್ಕದ ಮನೆಯವರೇ ತಡೆದರಂತೆ, "ಪರೀಕ್ಷೆ ಇದೆ, ಹುಡುಗಿ ಓದಿಗೆ ತೊಂದ್ರೆ ಆಗ್ಬಾರ್ದು" ಅಂತ. ಓದಿಗೆ ತೊಂದರೆ! ಆ ಮನೆಯವರಿಗೆ!

ಮುಂದೆ ನಾನು ಪಿಎಚ್.ಡಿ. ಮಾಡಿದ್ದು ಆ ಜೋಗುಳಗಳ ಮೇಲೆಯೇ. ಪ್ರಶ್ನೆ ಅವರದು, ಉತ್ತರ ಹುಡುಕುವ ಭಾಗ್ಯ ಮಾತ್ರ ನನಗೆ ಬಂತು. ಆ ಋಣ ತೀರುವಂಥದ್ದಲ್ಲ.

ಆವತ್ತು ಎಂ.ಎ. ಪರೀಕ್ಷೆ ಮುಗಿಸಿ ಊರಿಗೆ ಬಂದವಳು ನೇರ ಆ ಮನೆಗೆ ಹೋದೆ. ಹಜಾರದಲ್ಲಿ ಮಾತಾಡಿಸಲು ಬಂದವರು ಕುಳಿತಿದ್ದರು. ಮಾವ ಯಾರಿಗೋ ಹೇಳುತ್ತಿದ್ದರು: "ನಮ್ಮ ಸೊಸೆ ಎಂ.ಎ. ಮಾಡಿದ್ಳು ಕಣ್ರೀ, ಸ್ಪ್ಯಾನಿಷ್‌ನಲ್ಲಿ. ಈ ಸೀಮೇಲೇ ಯಾರೂ ಇರ್ಲಿಲ್ಲ."

"ಪಿಎಚ್.ಡಿ.ನೂ ಮುಗಿಸ್ತಿದ್ರು. ನೀವು ಬಿಟ್ಟಿದ್ರೆ" ಅಂದೆ.

ಅಣ್ಣ ಕಂಬಕ್ಕೆ ಒರಗಿ ಅಳುತ್ತಿದ್ದರು. ಆ ಅಳುವಿಗೂ ನನಗೆ ಕನಿಕರ ಹುಟ್ಟಲಿಲ್ಲ. ಅಡುಗೆಮನೆಯ ಬಾಗಿಲಿಗೆ ಹೋದೆ. ಈಳಿಗೆಮಣೆ ಗೋಡೆಗೆ ಒರಗಿತ್ತು. ಸಾವಿನ ಮನೆಯಿಂದ ಸುಮ್ಮನೆ ಎದ್ದು ಹೋಗಬೇಕು, ಬಂದವರೆಲ್ಲ ಹಾಗೆಯೇ ತಲೆತಗ್ಗಿಸಿ ಹೋಗುತ್ತಿದ್ದರು. ನಾನು ಅಲ್ಲೇ ನಿಂತು, ಹಜಾರಕ್ಕೂ ಬೀದಿಗೂ ಕೇಳುವ ಹಾಗೆ ಕೂಗಿ ಹೇಳಿದೆ:

"ಬತ್ತೀನಿ ಅತ್ತಿಗೆ."

ಹಿಂದಿನಿಂದ ನಮ್ಮಮ್ಮ ಓಡಿಬಂದು ಬಾಯಿ ಮುಚ್ಚಲು ಕೈ ಚಾಚಿದರು. "ಅಯ್ಯೋ, ಸಾವಿನ ಮನೇಲಿ ಹಂಗನ್ಬಾರ್ದು ಕಣೇ! ಗೊತ್ತಿಲ್ವಾ ನಿಂಗೆ?"

"ಗೊತ್ತು ಕಣಮ್ಮ. ಅವರೇ ಅನ್ನು ಅಂದಿದ್ರು."