ಕತ್ತೆ ತಿಂದ ಮೂರು ದಿನ

ಜರ್ಮನಿಯ ವೋಲ್ಫ್ಸ್‌ಬುರ್ಗ್‌ಗೆ ಬಂದ ಮೇಲೆ ಆರು ಬೇಸಿಗೆಗಳನ್ನು ನಾನು ಅಮೆರಿಕದ ಅರಿಝೋನಾ ಮರುಭೂಮಿಯಲ್ಲಿ ಕಳೆದಿದ್ದೇನೆ. ಪ್ರವಾಸಕ್ಕಲ್ಲ. ಜರ್ಮನಿಯಲ್ಲಿ ತಯಾರಾದ ಕಾರು ದುಬೈಯಲ್ಲೋ ರಾಯಚೂರಿನಲ್ಲೋ ಓಡುವಾಗ ಅದರ ಎ.ಸಿ. ಕೈಕೊಡಬಾರದು. ಅದನ್ನು ಪರೀಕ್ಷಿಸಲು ಜರ್ಮನಿಯ ಬಿಸಿಲು ಸಾಲದು. ಹಾಗಾಗಿ ನಾನಿರುವ ಸಣ್ಣ ಕಂಪನಿ ಜುಲೈ ಬಂತೆಂದರೆ ನಮ್ಮಲ್ಲಿ ನಾಲ್ಕೈದು ಜನರನ್ನು ವಿಮಾನ ಹತ್ತಿಸುತ್ತಿತ್ತು.

ಕೆಲಸ ಸರಳ. ಮುಚ್ಚಿದ ಕಾರನ್ನು ಮಧ್ಯಾಹ್ನದ ಬಿಸಿಲಲ್ಲಿ ಎರಡು ಗಂಟೆ ನಿಲ್ಲಿಸಬೇಕು. ಆಮೇಲೆ ಒಳಗೆ ಕೂತು, ಎ.ಸಿ. ಹಾಕಿಕೊಂಡು ಹೊರಡಬೇಕು. ತಾಪಮಾನವನ್ನು ಯಂತ್ರಗಳು ತಾವೇ ಬರೆದುಕೊಳ್ಳುತ್ತವೆ. ಆದರೆ ಹಿತವಾಗಿದೆಯೋ ಇಲ್ಲವೋ ಎಂಬುದನ್ನು ಮನುಷ್ಯರೇ ಹೇಳಬೇಕು. ಅದಕ್ಕೆ ನಾನು ಹಿಂದಿನ ಸೀಟಿನಲ್ಲಿ ಕೂತು, ಐದು ನಿಮಿಷಕ್ಕೊಮ್ಮೆ, ತಲೆಗೆ ಇಷ್ಟು, ಬೆನ್ನಿಗೆ ಇಷ್ಟು, ಪಾದಕ್ಕೆ ಇಷ್ಟು ಎಂದು ಹತ್ತರೊಳಗೆ ಅಂಕ ಹಾಕುತ್ತಿದ್ದೆ.

ಕಾರು ಓಡಿಸುತ್ತಿದ್ದವರು ನನಗಿಂತ ಹದಿನೆಂಟು ವರ್ಷ ದೊಡ್ಡವರಾದ ಜರ್ಮನ್ ಸಹೋದ್ಯೋಗಿ. ಆರನೇ ಬೇಸಿಗೆಯ ಮುಂದಿನ ವಸಂತಕ್ಕೆ ಅವರ ನಿವೃತ್ತಿಯಿತ್ತು. ಆರು ಬೇಸಿಗೆ ಒಂದೇ ಕಾರಿನಲ್ಲಿ ಕಳೆದರೂ ನಾವು ಒಬ್ಬರನ್ನೊಬ್ಬರು ‘ನೀವು’ ಎಂದೇ ಕರೆದುಕೊಳ್ಳುತ್ತಿದ್ದೆವು. ಮಾತು ಕಡಿಮೆ. ಕನ್ನಡಿಯಲ್ಲಿ ಅವರ ಕಣ್ಣು, ಹುಬ್ಬು ಮಾತ್ರ ನನಗೆ ಚೆನ್ನಾಗಿ ಪರಿಚಯ.

ಆ ಕೊನೆಯ ಬೇಸಿಗೆ ನಾನು ಮೊದಲ ದಿನದಿಂದಲೇ ದಣಿದಿದ್ದೆ. ಯಾಕೆ ಎಂದು ಕೇಳಿದರೆ ಹೇಳಿಕೊಳ್ಳುವಂಥ ದೊಡ್ಡ ಕಾರಣವಿರಲಿಲ್ಲ. ನಿದ್ದೆ ಬರುತ್ತಿತ್ತು, ಎದ್ದರೆ ನಿದ್ದೆಯಾಗಿರುತ್ತಿರಲಿಲ್ಲ. ನಾಲ್ಕನೇ ವಾರದ ಶನಿವಾರ ಬೆಳಿಗ್ಗೆ ಮನೆಯಿಂದ ಗಂಡನ ಫೋನು ಬಂತು. ಅಲ್ಲಿ ಆಗಲೇ ಮಧ್ಯಾಹ್ನ ಕಳೆದಿತ್ತು.

“ಆರಾಮ ಇದ್ದೀ ಏನ?” ಅಂದರು.

“ಆರಾಮ ಇದ್ದೇನ್ರಿ.”

“ಮತ್ತ ದನಿ ಯಾಕ ಹಿಂಗ ಅದ?”

“ಬಿಸಲ್ರೀ, ಮತ್ತೇನಿಲ್ಲ.”

ಅಷ್ಟರಲ್ಲಿ ಒಂಬತ್ತು ವರ್ಷದ ಮಗಳು ಫೋನು ಕಸಿದುಕೊಂಡಳು. “ಮಾಮಾ, ವಾನ್ ಕೊಮ್ಸ್ಟ್ ಡು?” ಅಮ್ಮಾ, ಯಾವಾಗ ಬರ್ತೀ ಅಂತ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಜರ್ಮನ್‌ನಲ್ಲಿ ಹೇಳುತ್ತಾಳೆ; ನಮ್ಮ ಮನೆ ನಡೆಯುವುದೇ ಹಾಗೆ.

“ಇನ್ನ ಆರ ದಿನ, ಪುಟ್ಟಿ,” ಅಂದೆ. ಅವಳು ಓಕೆ ಅಂದು ಓಡಿಹೋದಳು.

ಆ ದಿನ ರಜೆ. ನಾನು ಹೋಟೆಲಿನಲ್ಲಿ ಮಲಗಿರುವವಳಿದ್ದೆ. ಸಹೋದ್ಯೋಗಿಯೇ ಬಾಗಿಲು ತಟ್ಟಿ, “ಬೆಟ್ಟದ ಮೇಲೊಂದು ಹಳೆಯ ಚಿನ್ನದ ಗಣಿಯ ಊರಿದೆಯಂತೆ. ಕತ್ತೆಗಳು ಬೀದಿಯಲ್ಲಿ ತಿರುಗುತ್ತವಂತೆ. ಆರು ವರ್ಷದಿಂದ ನೋಡಬೇಕು ಅಂದುಕೊಳ್ಳುತ್ತಿದ್ದೇನೆ, ಇನ್ನು ಬರುವುದಿಲ್ಲವಲ್ಲ,” ಅಂದರು. ಬಾಡಿಗೆ ಕಾರಿನಲ್ಲಿ ಹೊರಟೆವು. ವಾರದ ಅಂಕಗಳನ್ನು ಕಂಪ್ಯೂಟರಿಗೆ ಹಾಕುವುದು ಬಾಕಿಯಿದ್ದುದರಿಂದ ಕಾಗದದ ಫೈಲನ್ನು ಜೊತೆಗೇ ತೆಗೆದುಕೊಂಡೆ.

ಊರೆಂದರೆ ಒಂದೇ ಬೀದಿ. ಎರಡೂ ಕಡೆ ಬಣ್ಣ ಹೋದ ಮರದ ಅಂಗಡಿಗಳು, ಹಿಂದೆ ಬೋಳು ಗುಡ್ಡ. ಗಣಿ ಮುಚ್ಚಿದಾಗ ಕೆಲಸಗಾರರು ಹೇರು ಹೊರುತ್ತಿದ್ದ ಕತ್ತೆಗಳನ್ನು ಬಿಟ್ಟುಹೋದರಂತೆ. ಈಗಿರುವವು ಅವುಗಳ ಮರಿಮಕ್ಕಳು. ಬೆಳಿಗ್ಗೆ ಗುಡ್ಡದಿಂದ ಇಳಿದು ಬರುತ್ತವೆ, ದಿನವಿಡೀ ಪ್ರವಾಸಿಗರ ಕೈಯಿಂದ ಒಣಹುಲ್ಲು ಒತ್ತಿ ಮಾಡಿದ ಬಿಲ್ಲೆ ತಿನ್ನುತ್ತವೆ, ಹೊತ್ತು ಇಳಿದಾಗ ಮೇಲೆ ಹೋಗುತ್ತವೆ. ಧಾರವಾಡದಲ್ಲಿ ನಾನು ಕಂಡ ಕತ್ತೆಗಳೆಲ್ಲ ಬೆನ್ನ ಮೇಲೆ ಇಟ್ಟಿಗೆಯನ್ನೋ ಮರಳನ್ನೋ ಹೊತ್ತವು. ಬರಿಬೆನ್ನಿನ ಇಷ್ಟೊಂದು ಕತ್ತೆಗಳನ್ನು ನೋಡಿದ್ದು ಅದೇ ಮೊದಲು.

ಒಂದು ಬೂದು ಕತ್ತೆ ರಸ್ತೆಯ ನಡುವೆ ನಿಂತಿತ್ತು. ಹಾರ್ನಿಗೆ ಅದರ ಕಿವಿ ಕೂಡ ಅಲುಗಲಿಲ್ಲ. ಸಹೋದ್ಯೋಗಿ ಎಂಜಿನ್ ಆರಿಸಿದರು. ನಾನು ಕಿಟಕಿ ಇಳಿಸಿ, ಫೈಲು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದೆ. ಒಂದು ನಿಮಿಷವಾಗಿತ್ತೋ ಇಲ್ಲವೋ, ಮುಖಕ್ಕೆ ಬಿಸಿಯುಸಿರು ತಗುಲಿತು. ಕಣ್ಣು ಬಿಟ್ಟರೆ ಇನ್ನೊಂದು ಕತ್ತೆಯ ತಲೆ ಪೂರ್ತಿ ಕಾರಿನೊಳಗಿತ್ತು, ಬಾಯಲ್ಲಿ ನನ್ನ ಕಾಗದಗಳಿದ್ದವು. ನಾನು ಎಳೆದೆ, ಅದೂ ಎಳೆಯಿತು. ಮೂರು ದಿನದ ಹಾಳೆಗಳು ಅದರ ಪಾಲಿಗೆ ಹೋದವು. ನಾನು ಕಾರಿನಿಂದ ಇಳಿಯುವಷ್ಟರಲ್ಲಿ ಅದು ನಿಧಾನವಾಗಿ ಅಗಿದು ಕೊನೆಯ ತುಂಡನ್ನು ನುಂಗುತ್ತಿತ್ತು. ಸುತ್ತಲಿನವರು ಫೋಟೋ ತೆಗೆದರು.

ಸಹೋದ್ಯೋಗಿ ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ನಗುತ್ತಿದ್ದರು. ಅವರು ನಕ್ಕಿದ್ದನ್ನು ನಾನು ನೋಡಿರಲೇ ಇಲ್ಲ. ನನಗೆ ಅಳು ಬಂತು.

ಒಂದು ಅಂಗಡಿಯ ಜಗುಲಿಯ ಮೇಲೆ ನೆರಳಿನಲ್ಲಿ ಕೂತೆವು. ಅವರು ನಿಂಬೆ ಶರಬತ್ತು ತಂದುಕೊಟ್ಟು, “ನೆನಪಿನಿಂದ ಬರೆದುಬಿಡಿ. ಯಾರಿಗೆ ಗೊತ್ತಾಗುತ್ತದೆ?” ಅಂದರು.

ಖಾಲಿ ಹಾಳೆ ತೆಗೆದೆ. ಬುಧವಾರ, ಮೊದಲ ಐದು ನಿಮಿಷ, ಬೆನ್ನು. ಹೇಗನ್ನಿಸಿತ್ತೆಂದು ಏನೂ ನೆನಪಾಗಲಿಲ್ಲ. ಗುರುವಾರ, ಪಾದ. ಅದೂ ಇಲ್ಲ. ನನ್ನ ಬೆನ್ನು, ನನ್ನ ಪಾದ, ಬೆಂದದ್ದೂ ತಣಿದದ್ದೂ ನಾನೇ. ಆದರೂ ನನಗೆ ಏನನ್ನಿಸಿತ್ತು ಎಂಬುದು ತಿಳಿಯದು. ಪೆನ್ನು ಕೆಳಗಿಟ್ಟೆ.

“ನಿಮಗೊಂದು ಹೇಳಬೇಕು,” ಅಂದೆ. “ಎರಡು ವಾರದಿಂದ ನಾನು ಎಲ್ಲದಕ್ಕೂ ಆರು ಅಂಕ ಹಾಕುತ್ತಿದ್ದೇನೆ. ಗಮನಿಸಿ ಬರೆಯುತ್ತಿಲ್ಲ.”

ಅವರು ಬೀದಿಯ ಕಡೆಗೇ ನೋಡುತ್ತಿದ್ದರು. “ಗೊತ್ತು. ಕನ್ನಡಿಯಲ್ಲಿ ಕಾಣುತ್ತಿತ್ತು. ಕಾರು ಹೊರಡುವ ಮೊದಲೇ ನೀವು ಬರೆದು ಮುಗಿಸುತ್ತಿದ್ದಿರಿ.”

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳಿದರೆ ಎಲ್ಲ ಮತ್ತೆ ಓಡಿಸಬೇಕಾಗುತ್ತಿತ್ತು. ನನಗೂ ಸಾಕಾಗಿತ್ತು.”

ಮುಂದೆ ಒಂದು ಮರಿಕತ್ತೆ ತಾಯಿಯ ಹೊಟ್ಟೆಗೆ ಆತು ನಿಂತೇ ತೂಕಡಿಸುತ್ತಿತ್ತು. ಇಷ್ಟು ವರ್ಷ ಒಂದೇ ಕಾರಿನಲ್ಲಿ ಕೂತು, ನಾನೊಬ್ಬಳೇ ಸೋತಿದ್ದೇನೆ ಅಂದುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು.

ಸೋಮವಾರ ಬೆಳಗಾಗುತ್ತಿದ್ದಂತೆ ಮೇಲಧಿಕಾರಿಗೆ ಫೋನು ಮಾಡಿದೆ. ಮೊದಲು ಕತ್ತೆಯ ವಿಷಯ ಹೇಳಿದೆ. “ಫೋಟೋ ಇದೆಯಾ?” ಅಂದರು. ನಾವು ಕೂತಿದ್ದ ಜಗುಲಿಯ ಅಂಗಡಿಯಾಕೆ ತೆಗೆದು ಕಳಿಸಿದ್ದಿತ್ತು. ನಂತರ ಆರು ಅಂಕದ ವಿಷಯವನ್ನೂ ಹೇಳಿದೆ. ಬೈಯಲಿಲ್ಲ. “ಎಷ್ಟು ದಿನ ಬೇಕು?” ಎಂದಷ್ಟೇ ಕೇಳಿದರು.

ಎರಡು ವಾರದ ಓಟಗಳಲ್ಲಿ ಮುಖ್ಯವಾದವನ್ನು ಮತ್ತೆ ಮಾಡಲು ಇನ್ನೂ ಒಂದು ವಾರ ಹೆಚ್ಚು ಬೇಕಾಯಿತು. ಮಗಳಿಗೆ ತಿಳಿಸಿದ ಮೇಲೆ ಅವಳು ಎರಡು ದಿನ ಫೋನಿಗೆ ಬರಲಿಲ್ಲ. ಈ ಸಲ ನಾನು ನಿಜವಾಗಿ ಗಮನಿಸಿ ಬರೆದೆ: ಎಡಗಾಲು ಸುಡುತ್ತಿದೆ, ಕುತ್ತಿಗೆಗೆ ಗಾಳಿ ಹೆಚ್ಚು, ಬೆನ್ನು ಸೀಟಿಗೆ ಅಂಟಿದೆ. ಹಾಗೆ ಗಮನಿಸುವುದು ಇನ್ನೂ ದಣಿವಿನ ಕೆಲಸ. ಸಹೋದ್ಯೋಗಿ ಒಮ್ಮೊಮ್ಮೆ ಕಾರು ಬದಿಗೆ ನಿಲ್ಲಿಸಿ, “ನೀರು ಕುಡಿಯಿರಿ,” ಎನ್ನುತ್ತಿದ್ದರು. ನಾನು ಕುಡಿಯುತ್ತಿದ್ದೆ. ಅವರಿಗೂ ಕುಡಿಸುತ್ತಿದ್ದೆ.

ವೋಲ್ಫ್ಸ್‌ಬುರ್ಗ್‌ಗೆ ಮರಳಿದ ಮೇಲೆ, ಮುಂದಿನ ವರ್ಷದಿಂದ ನನ್ನನ್ನು ಕಳಿಸಬೇಡಿ ಎಂದು ಬರೆದುಕೊಟ್ಟೆ. ಈಗ ಆಫೀಸಿನಲ್ಲಿ ಕೂತು ಬೇರೆಯವರ ಅಂಕಗಳನ್ನು ಓದುತ್ತೇನೆ. ಒಂದೇ ಸಂಖ್ಯೆ ಸಾಲಾಗಿ ಬಂದಿದ್ದರೆ ಬರೆದವರಿಗೆ ಫೋನು ಮಾಡಿ, ನಿದ್ದೆ ಆಗ್ತಿದೆಯಾ ಎಂದು ಕೇಳುತ್ತೇನೆ. ನಿವೃತ್ತರಾದ ಸಹೋದ್ಯೋಗಿ ಬೀಳ್ಕೊಡುಗೆಯ ದಿನ ಕೈಕುಲುಕಿ, ಇನ್ನು ಮೇಲೆ ‘ನೀನು’ ಅನ್ನೋಣವೇ ಎಂದು ಕೇಳಿದರು. ಆಗಲಿ ಅಂದೆ. ಆದರೆ ನನ್ನ ನಾಲಿಗೆಗೆ ಅದು ಇನ್ನೂ ಒಗ್ಗಿಲ್ಲ.

ದಣಿವು ಪೂರ್ತಿ ಹೋಗಿಲ್ಲ. ಆ ಮುಂದಿನ ಜುಲೈಯನ್ನು ಮನೆಯಲ್ಲೇ ಕಳೆದಾಗ, ಸಂಜೆ ಮಗಳ ಜೊತೆ ಕಾಲುವೆಯ ದಡಕ್ಕೆ ಹೋಗಿ ಸುಮ್ಮನೆ ಕೂರುತ್ತಿದ್ದೆ. ಸರಕಿನ ದೋಣಿಗಳು ಸಾವಕಾಶ ಸಾಗುತ್ತಿದ್ದವು. ಅವಳು ಶಾಲೆಯ ಸಂಗತಿಗಳನ್ನು ಜರ್ಮನ್‌ನಲ್ಲಿ ಒಂದೇ ಸಮನೆ ಹೇಳುತ್ತಿದ್ದಳು. ಅರ್ಧ ಕೇಳುತ್ತಾ, ಅರ್ಧ ತೂಕಡಿಸುತ್ತಾ ನಾನು ಅವಳ ಭುಜಕ್ಕೆ ಒರಗುತ್ತಿದ್ದೆ. ಅವಳು ಬೇಡವೆನ್ನುತ್ತಿರಲಿಲ್ಲ.