ಗೃಹಪ್ರವೇಶದಲ್ಲಿ ನಾನಾಡಿದ ಅಪಶಕುನ

ನೀವೇ ನ್ಯಾಯ ಹೇಳ್ರಪ್ಪ. ಇವತ್ತು ಚಿಕ್ಕಬಳ್ಳಾಪುರದಲ್ಲಿ ನಮ್ಮ ದೊಡ್ಡಮ್ಮನ ಮಗ ಸುರೇಶಣ್ಣನ ಹೊಸ ಮನೆ ಗೃಹಪ್ರವೇಶ. ಮೊದಲ ಮಹಡಿಗೆ ಬಾಲ್ಕನಿ ಥರ ಹೊರಚಾಚಿದ ಮರದ ಡೆಕ್ ಹಾಕಿಸಿದ್ದಾನೆ. ಫೋಟೋದವನು "ಫ್ಯಾಮಿಲಿಯವರೆಲ್ಲ ಡೆಕ್ ಮೇಲೆ ಬನ್ನಿ" ಅಂದದ್ದೇ ತಡ, ಮಕ್ಕಳುಮರಿ ಸಮೇತ ಎಲ್ಲರೂ ಹತ್ತಿದರು.

ನಾನು ಕೆಳಗಿಂದ ತಲೆಯೆತ್ತಿ ನೋಡಿದೆ. ಹಲಗೆಯ ಭಾರ ಜಂತೆಗೆ, ಜಂತೆಯ ಭಾರ ತೊಲೆಗೆ. ಹೊರಗಡೆಯ ತೊಲೆಗೆ ಕಂಬಗಳಿವೆ, ಸರಿ. ಗೋಡೆ ಕಡೆಯ ತೊಲೆಗೆ? ಒಂದು ಬೋಲ್ಟೂ ಇಲ್ಲ! ಕ್ಯಾಲೆಂಡರ್ ನೇತುಹಾಕೋ ಥರ ಬರೀ ಮೊಳೆ ಹೊಡೆದಿದ್ದಾರೆ. ತೊಲೆ ಆಗಲೇ ಗೋಡೆ ಬಿಟ್ಟು ಬೆರಳಷ್ಟು ಈಚೆ ಬಂದಿದೆ.

"ಇಳೀರಿ ಎಲ್ಲಾ, ಬೀಳುತ್ತೆ!" ಅಂತ ಕಿರುಚಿದೆ.

ದೊಡ್ಡಮ್ಮ ಮೇಲಿಂದಲೇ ಗದರಿದರು. "ಶುಭಕಾರ್ಯದಲ್ಲಿ ಎಂಥಾ ಮಾತೇ ಅದು? ಅಸ್ತು ದೇವತೆಗಳು ಓಡಾಡ್ತಿರ್ತಾರೆ, ಅಸ್ತು ಅಂದ್ಬಿಟ್ರೆ?"

"ದೊಡ್ಡಮ್ಮ, ಗೋಡೆಗೆ ಬೋಲ್ಟೇ ಹಾಕಿಲ್ಲ."

"ಮೊದ್ಲು ಬಿಡ್ತು ಅನ್ನೇ!"

ಕಾಲೇಜಿನಲ್ಲಿ ಸಿವಿಲ್ ಪಾಠ ಮಾಡೋ ನಾನು, ಅಷ್ಟು ಜನ ನೆಂಟರ ಮುಂದೆ ಬಿಡ್ತು ಅಂದೆ. ಆಮೇಲೆ ಎಲ್ಲರೂ ಇಳಿದರು. ಬೋಲ್ಟ್ ಇಲ್ಲ ಅಂತಲ್ಲ, ನನ್ನ ಬಾಯಲ್ಲಿ 'ಬೀಳುತ್ತೆ' ಅನ್ನೋ ಮಾತು ಬಂದುಬಿಡ್ತಲ್ಲ ಅಂತ! ಸುರೇಶಣ್ಣ ಬೇರೆ, "ಇನ್ನು ಇದಕ್ಕೇನಾದ್ರೂ ಆದ್ರೆ ನಿನ್ನ ಬಾಯಿಂದಾನೇ ಕಣೇ" ಅಂದ. ಮೊಳೆ ಹೊಡೆದ ಮೇಸ್ತ್ರಿಗೆ ಮಾತ್ರ ಪಂಚೆ, ಶಲ್ಯ, ತಾಂಬೂಲ.

ಅಸ್ತು ದೇವತೆಗಳೇ, ನಿಮಗೂ ನನ್ನದೊಂದು ಕಿವಿಮಾತು. ಓಡಾಡೋದಿದ್ರೆ ತಾರಸಿ ಮೇಲೆ ಓಡಾಡಿ, ಆ ಡೆಕ್ ಮೇಲೆ ಮಾತ್ರ ಕಾಲಿಡಬೇಡಿ.