ಸುವರ್ಣಮ್ಮನ ಎಣಿಕೆ

ನನ್ನ ಅಕ್ಷರ ಚೆನ್ನಾಗಿಲ್ಲ. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳು, ಪದ ತಪ್ಪಿದ್ದರೆ ಕ್ಷಮಿಸಬೇಕು. ಆದರೂ ಕುರುಗೋಡಿನ ಸುವರ್ಣಮ್ಮನವರ ಬಗ್ಗೆ ಬರೆಯಲೇಬೇಕು.

ಅವರಿಗೆ ಅರವತ್ತು ದಾಟಿದೆ. ಮೂರು ವರ್ಷದಿಂದ ಗದ್ದೆಗೆ ಔಷಧಿ ಹೊಡೆಸಿಲ್ಲ, ಕಳೆಯನ್ನು ಕೈಯಿಂದಲೇ ಕೀಳುತ್ತಾರೆ. ಯಾರನ್ನೂ ಬೇಗ ನಂಬುವುದಿಲ್ಲ. ಬಸ್ ಟಿಕೆಟನ್ನೂ ತಿರುಗಿಸಿ ಮುರುಗಿಸಿ ನೋಡುತ್ತಾರೆ.

ನಾನು ಬಳ್ಳಾರಿಯಿಂದ ಸಿರುಗುಪ್ಪದ ಭತ್ತದ ಗೋದಾಮಿಗೆ ಕೆಲಸಕ್ಕೆ ಹೋಗುತ್ತೇನೆ. ಪ್ರತಿ ಚೀಲಕ್ಕೂ ರೈತರ ಹೆಸರಿನ ಚೀಟಿ ಅಂಟಿಸಿ, ಫೋನಿನಲ್ಲಿ ದಾಖಲಿಸಬೇಕು. ಇದನ್ನು ಬ್ಲಾಕ್‌ಚೈನ್ ಎನ್ನುತ್ತಾರೆ. ಒಮ್ಮೆ ಬರೆದದ್ದನ್ನು ಯಾರೂ ಅಳಿಸಲಾರರು. ಅಕ್ಕಿ ಕೊಳ್ಳುವವರಿಗೂ ಅದು ಕಾಣುತ್ತದೆ.

ಕಳೆದ ವಾರ ಸುವರ್ಣಮ್ಮನವರ ಹೆಸರಿನ ಒಂದು ಚೀಲದಲ್ಲಿ ಔಷಧಿಯ ಅಂಶ ಸಿಕ್ಕಿತು. ಔಷಧಿಯಿಲ್ಲದ ಭತ್ತವೆಂದು ಅವರಿಂದ ಕೊಳ್ಳುತ್ತಿದ್ದ ನಮ್ಮ ಕಂಪನಿ, ಇನ್ನು ಅವರ ಭತ್ತ ಬೇಡ ಎಂದಿತು. ನಾನೂ ಅವರನ್ನೇ ಅನುಮಾನಿಸಿದೆ.

ನಿನ್ನೆ ಅವರೇ ಗೋದಾಮಿಗೆ ಬಂದರು.

“ಕದ್ದು ಹೊಡಿಸಿರಬೇಕು ಬಿಡಮ್ಮ,” ಎಂದ ಮೇಲ್ವಿಚಾರಕ ಗಾದಿಲಿಂಗ. “ಫೋನು ಸುಳ್ಳು ಹೇಳಂಗಿಲ್ಲ.”

“ಫೋನಿಗೆ ಬಾಯಿ ಎಲ್ಲೈತಪ್ಪ? ಹೇಳೋರು ನೀವ. ಹತ್ತು ಚೀಲ ನಾನ ನಿಂತು ಎಣಿಸೀನಿ. ಲಾಭ, ಎರಡು, ಮೂರು…”

ಭತ್ತ ತಂದ ದಿನವೂ ಹೀಗೆಯೇ ಎಣಿಸಿದ್ದರು. ‘ಲಾಭ’ ಎಂದರೆ ದೇವರನ್ನು ನೆನೆದಂತೆ ಏನೋ ಅಂದುಕೊಂಡಿದ್ದೆ.

“ಒಂದು ಎಲ್ಲಿ ಹೋತು, ಅಮ್ಮಾ?” ಎಂದೆ.

“ಅಯ್ಯ, ಪ್ಯಾಟಿ ಹುಡುಗಿ! ರಾಶಿ ಮುಂದ ಒಂದು ಅಂತಾರೇನ? ಒಂದಕ್ಕ ನಿಂತುಬಿಟ್ರ? ಲಾಭ ಅಂದ್ರ ಒಂದು.”

ತಪ್ಪು ನನ್ನದೇ ಎಂದು ಆಗ ತಿಳಿಯಿತು. ಅಂದು ‘ಒಂದು’ ಎನ್ನಲಿ ಎಂದು ಕಾದಿದ್ದೆ. ಅಷ್ಟರಲ್ಲಿ ಹಮಾಲರು ಮೊದಲ ಚೀಲವನ್ನು ಒಳಗೆ ಒಯ್ದಿದ್ದರು. ‘ಎರಡು’ ಕೇಳಿದ ಮೇಲೆ ಅಂಟಿಸಲು ಶುರುಮಾಡಿದೆ. ಕೊನೆಗೆ ಅವರ ಹೆಸರಿನ ಒಂದು ಚೀಟಿ ಉಳಿಯಿತು. ಅದನ್ನು ಹಿಂದೆಯೇ ಬಂದ ಚೀಲಕ್ಕೆ ಅಂಟಿಸಿದೆ. ಅದು ಎರ್ರೆಪ್ಪ ಎಂಬ ಇನ್ನೊಬ್ಬ ರೈತರದ್ದು. ಅವರು ಔಷಧಿ ಹೊಡೆಯುವುದು ಎಲ್ಲರಿಗೂ ಗೊತ್ತು.

ಹುಡುಕಿದಾಗ ಗೋದಾಮಿನ ಮೂಲೆಯಲ್ಲಿ ಚೀಟಿಯಿಲ್ಲದ ಒಂದು ಚೀಲ ಸಿಕ್ಕಿತು. ಸುವರ್ಣಮ್ಮ ಅದರ ಬಾಯಿ ಮುಟ್ಟಿ, “ಇದು ನನ್ನ ಹೊಲಿಗಿ,” ಎಂದರು.

ಗಾದಿಲಿಂಗ ನನ್ನನ್ನು ಪಕ್ಕಕ್ಕೆ ಕರೆದ. “ಸುಮ್ನಿರು. ಬರದದ್ದು ಅಳಸಾಕ ಬರಂಗಿಲ್ಲ. ನಿನ್ನ ಕೆಲಸಾನೂ ಹೋಗತೈತಿ.”

ಅಳಿಸಲು ಬರುವುದಿಲ್ಲ, ನಿಜ. ಆದರೆ ಕೆಳಗೆ ಹೊಸ ಸಾಲು ಸೇರಿಸಬಹುದು. ಬರೆದವರ ಹೆಸರೂ ಅಲ್ಲೇ ಉಳಿಯುತ್ತದೆ. ಹಾಗೆ ಬರೆಯುತ್ತೇನೆ ಎಂದು ಸುವರ್ಣಮ್ಮನವರಿಗೆ ಹೇಳಿದೆ.

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಬಾಯಾಗ ಹೇಳಬ್ಯಾಡ, ಬರದು ತೋರಸು,” ಎಂದು ಹೋದರು.

ನಾಳೆ ಮೊದಲ ಬಸ್ಸಿಗೆ ಸಿರುಗುಪ್ಪಕ್ಕೆ ಹೋಗಿ, ಚೀಟಿಯನ್ನು ತಪ್ಪು ಚೀಲಕ್ಕೆ ಅಂಟಿಸಿದವಳು ನಾನು ಎಂದು ನನ್ನ ಹೆಸರಿನಲ್ಲಿ ಬರೆಯುತ್ತೇನೆ.